ಸಾಲು ಸಾಲಾಗಿ ಕತ್ತರಿಸಿ ಕೊಡಿ: ಕಂಪ್ಯೂಟರ್ ಬಲ್ಲ ಕನ್ನಡದ ಮಕ್ಕಳಿಗೆ ಒಂದು ಬಹಿರಂಗ ಪತ್ರ

ವಾಶಿ, ಐರೋಲಿ, ಮಹಾಪೆ, ಠಾಣೆ, ಡೊಂಬಿವಲಿ, ಕಲ್ಯಾಣ್ ಪರಿಸರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಯುವಕ ಯುವತಿಯರಿಗೆ,



ನಿಮ್ಮಲ್ಲಿ ಹಲವರಿಗೆ ಈ ಪತ್ರವನ್ನು ಮನೆಯಲ್ಲಿ ಅಮ್ಮನೋ ಅಜ್ಜನೋ ಓದಿ ಹೇಳಬೇಕಾದೀತು. ಅದಕ್ಕೆ ಸಂಕೋಚಪಡಬೇಡಿ. ಇಂಗ್ಲಿಷ್ ಶಾಲೆ, ಜೊತೆಗೆ ಹಿಂದಿ ಮರಾಠಿ, ಮನೆಯೊಳಗೆ ತುಳುವೋ ಕನ್ನಡವೋ ಕೊಂಕಣಿಯೋ. ಈ ಊರಲ್ಲಿ ಬೆಳೆದವರಿಗೆ ಕನ್ನಡದ ಅಕ್ಷರ ಕಲಿಯುವ ಸಂದರ್ಭ ಒದಗಿದ್ದೇ ಕಡಿಮೆ. ಅಕ್ಷರ ಕಲಿಯಿರಿ ಎಂದು ಬುದ್ಧಿ ಹೇಳಲು ನಾನು ಬರೆಯುತ್ತಿಲ್ಲ. ನಿಮ್ಮ ಕೈಯಲ್ಲಿ ಒಂದು ವಿದ್ಯೆ ಇದೆ, ಅದನ್ನು ಕೇಳಿ ಪಡೆಯಲು ಬರೆಯುತ್ತಿದ್ದೇನೆ. ಒಂದು ಚಿತ್ರವನ್ನು ಕೋಡ್ ಬರೆದು ತುಂಡು ತುಂಡಾಗಿ ಕತ್ತರಿಸುವ ವಿದ್ಯೆ. ನಿಮಗೆ ಅದು ಕಾಲೇಜಿನ ಮೊದಲ ವರ್ಷದ ಪಾಠ ಇರಬಹುದು. ನಮಗೆ ಅದರಿಂದ ಆಗಬೇಕಾದ ಕೆಲಸ ಬಹಳ ಇದೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಮುಂಬಯಿಯ ಕನ್ನಡ ಪತ್ರಿಕೆಗಳಿಗೆ, ಸಂಘಗಳ ಸ್ಮರಣ ಸಂಚಿಕೆಗಳಿಗೆ ಬಹಳ ಕಾಲ ಕರಡು ತಿದ್ದಿದವಳು. ಮೊಳೆ ಜೋಡಿಸುವ ಕಾಲದಲ್ಲಿ ಶುರು ಮಾಡಿ ಶ್ರೀಲಿಪಿ ತಂತ್ರಾಂಶದಲ್ಲಿ ಪುಟ ಕಟ್ಟುವ ಕಾಲದವರೆಗೂ ಆ ಕೆಲಸ ಮಾಡಿದೆ. ಹಾಗಾಗಿ ಒಂದು ಒತ್ತಕ್ಷರ ಉದುರಿದರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಈ ಪತ್ರದ ನಡುಭಾಗವೆಲ್ಲ ಅದರ ಬಗ್ಗೆಯೇ.

ಮೊದಲು ಕತ್ತರಿಸಬೇಕಾದದ್ದು ಏನು ಎಂಬ ವಿಷಯ. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರದು, ಕರ್ನಾಟಕ ಸಂಘ 1933ರದು. ಆಮೇಲೆ ಊರಿಗೊಂದು, ಸಮಾಜಕ್ಕೊಂದು ಸಂಘ ಹುಟ್ಟಿ, ಸಂಘಕ್ಕೊಂದು ಪತ್ರಿಕೆ, ವರ್ಷಕ್ಕೊಂದು ಸ್ಮರಣ ಸಂಚಿಕೆ ಬಂತು. ಮೊಗವೀರ, ಅಕ್ಷಯ, ಬಂಟರವಾಣಿ, ನೇಸರು. ಈ ಹೆಸರುಗಳನ್ನು ನೀವು ಮನೆಯ ಟೀಪಾಯಿ ಮೇಲೆ ನೋಡಿರುತ್ತೀರಿ. ಇವುಗಳಲ್ಲಿ ಬರೆದವರೆಲ್ಲ ಪ್ರಸಿದ್ಧ ಸಾಹಿತಿಗಳೇನಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಕಲಿತು, ಹತ್ತನೆಯ ತರಗತಿ ಮುಗಿಸಿ, ಬ್ಯಾಂಕು ಸೇರಿದವರು. ಗಿರಣಿಯಲ್ಲಿ, ಬಂದರಿನಲ್ಲಿ ಕೆಲಸ ಮಾಡಿದವರು. ಸಂಜೆ ನಾಟಕ ಆಡಿದವರು, ಯಕ್ಷಗಾನಕ್ಕೆ ಗೆಜ್ಜೆ ಕಟ್ಟಿದವರು. ಅವರ ಕತೆ, ಕವಿತೆ, ಊರಿನ ನೆನಪು, ತೀರಿಹೋದ ಗೆಳೆಯನಿಗೆ ಬರೆದ ನಾಲ್ಕು ಮಾತು ಈ ಸಂಚಿಕೆಗಳಲ್ಲಿವೆ, ಬೇರೆಲ್ಲೂ ಇಲ್ಲ. ಬೆಂಗಳೂರಿನ ಗ್ರಂಥಾಲಯಗಳಿಗೆ ಇವು ಕ್ರಮವಾಗಿ ಹೋದಂತಿಲ್ಲ.

ಅವು ಈಗ ಎಲ್ಲಿವೆ? ಸಂಘದ ಕಪಾಟಿನಲ್ಲಿ ಕೆಲವು. ಹೆಚ್ಚಿನವು ನಮ್ಮ ನಿಮ್ಮ ಮನೆಯ ಲಾಫ್ಟಿನಲ್ಲಿ. 1970ರಲ್ಲಿ ನವಿಮುಂಬಯಿ ಕಟ್ಟಲು ಸಿಡ್ಕೊ ಹುಟ್ಟಿ, ವಾಶಿ ಎದ್ದು, 1992ರಲ್ಲಿ ಲೋಕಲ್ ರೈಲು ಖಾಡಿ ದಾಟಿ ಬಂದ ಮೇಲೆ ಚೆಂಬೂರು, ಮಾಟುಂಗ, ಪರೇಲ್ ಕಡೆಯ ಎಷ್ಟೋ ಸಂಸಾರಗಳು ಇತ್ತ ಬಂದವು. ಟ್ರಂಕಿನ ಜೊತೆ ಈ ಕಟ್ಟುಗಳೂ ಬಂದವು. ಈಗ ಅದೇ ಸಿಡ್ಕೊ ಕಟ್ಟಡಗಳು ಹಳತಾಗಿ ಪುನರಭಿವೃದ್ಧಿಗೆ ನಿಂತಿವೆ. ಮನೆ ಖಾಲಿ ಮಾಡುವ ವಾರದಲ್ಲಿ ಮೊದಲು ಹೊರಗೆ ಹೋಗುವುದು ಲಾಫ್ಟಿನ ಕಾಗದ. ರದ್ದಿಯವನು ಕಿಲೋ ಲೆಕ್ಕದಲ್ಲಿ ತೂಗಿಕೊಂಡು ಹೋಗುತ್ತಾನೆ. ಉಳಿದದ್ದಕ್ಕೆ ಮಳೆಗಾಲ ಇದ್ದೇ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೆಲದ ಮಟ್ಟದ ಮನೆಗಳಲ್ಲಿದ್ದ ಕಾಗದಪತ್ರಗಳ ಗತಿ ಏನಾಯಿತೆಂದು ನಿಮ್ಮ ಹಿರಿಯರನ್ನು ಕೇಳಿ.

ಒಳ್ಳೆಯ ಸುದ್ದಿಯೂ ಇದೆ. ಅಲ್ಲಲ್ಲಿ ಸ್ಕ್ಯಾನಿಂಗ್ ಶುರುವಾಗಿದೆ. ಕೆಲವರು ಫೋನಿನಲ್ಲೇ ಫೋಟೋ ತೆಗೆದಿಟ್ಟಿದ್ದಾರೆ. ಆದರೆ "ಸ್ಕ್ಯಾನ್ ಆಗಿದೆ" ಎಂದೊಡನೆ ಕೆಲಸ ಮುಗಿಯಿತು ಎಂಬ ನೆಮ್ಮದಿ ಎಲ್ಲರಿಗೂ ಬಂದುಬಿಡುತ್ತದೆ. ಪೆನ್‌ಡ್ರೈವ್ ಬೀರುವಿನೊಳಗೆ ಹೋಗುತ್ತದೆ. ಅದನ್ನು ತೆರೆದು ನೋಡಿದರೆ ಇರುವುದೇನು? ಬಿಚ್ಚಿಟ್ಟ ಸಂಚಿಕೆಯ ಎರಡೆರಡು ಪುಟ ಸೇರಿದ ಅಡ್ಡ ಚಿತ್ರಗಳು, ವಾಲಿದವು, ನಡುವೆ ಕಪ್ಪು ನೆರಳು. ಅದರಲ್ಲಿ ನಿಮ್ಮ ಅಜ್ಜನ ಹೆಸರು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಕಂಪ್ಯೂಟರಿಗೆ ಅದು ಅಕ್ಷರವೇ ಅಲ್ಲ, ಬಣ್ಣದ ಚುಕ್ಕಿಗಳ ರಾಶಿ. ಫೋನಿನಲ್ಲಿ ಓದೋಣವೆಂದರೆ ಅಕ್ಷರ ಇರುವೆಯಷ್ಟು. ಹಿಗ್ಗಿಸಿದರೆ ಸಾಲು ತಪ್ಪಿಹೋಗುತ್ತದೆ. ಎಪ್ಪತ್ತು ದಾಟಿದ ಕಣ್ಣಿಗಂತೂ ಸಾಧ್ಯವೇ ಇಲ್ಲ.

ಇಲ್ಲಿಂದ ಮುಂದಿನದು ನಿಮ್ಮ ಕೆಲಸ.

ನಮ್ಮ ಸೊಸೈಟಿಯಲ್ಲಿ ಮಹಾಪೆಯ ಕಂಪೆನಿಯೊಂದಕ್ಕೆ ಹೋಗುವ ಹುಡುಗಿ ಇದ್ದಾಳೆ. ಕುಂದಾಪುರ ಕಡೆಯ ಮನೆತನ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅವಳು ನನ್ನ ಮುಂದೆ ಕೂತು ಈ ಕೆಲಸ ಮಾಡಿ ತೋರಿಸಿದ್ದರಿಂದ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಡೆಮಿ 1/8 ಆಕಾರದ ಸಂಚಿಕೆಯನ್ನು ಬಿಚ್ಚಿಟ್ಟರೆ ಸುಮಾರು ಹನ್ನೊಂದು ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ 3300 ಅಗಲ, 2550 ಎತ್ತರದ ಚಿತ್ರ. ಪೈಥಾನ್‌ನ ಪಿಲ್ಲೋ ಎಂಬ ಲೈಬ್ರರಿಯಲ್ಲಿ ಕ್ರಾಪ್ ಎಂಬ ಆಜ್ಞೆ ಇದೆ. ಅದಕ್ಕೆ ನಾಲ್ಕು ಸಂಖ್ಯೆ ಕೊಡಬೇಕು: ಎಡ, ಮೇಲು, ಬಲ, ಕೆಳಗು. ಲೆಕ್ಕ ಶುರುವಾಗುವುದು ಮೇಲಿನ ಎಡಮೂಲೆಯಿಂದ, ಕೆಳಗಿಳಿದಷ್ಟೂ ಸಂಖ್ಯೆ ಏರುತ್ತದೆ. 0, 0, 1650, 2550 ಎಂದರೆ ಎಡಪುಟ. 1650, 0, 3300, 2550 ಎಂದರೆ ಬಲಪುಟ. ಇದನ್ನೇ ಒಂದು ಫೋಲ್ಡರಿನ ಅಷ್ಟೂ ಚಿತ್ರಗಳಿಗೆ ಓಡಿಸಿದರೆ ಚಹಾ ಕುಡಿಯುವಷ್ಟರಲ್ಲಿ ಸಂಚಿಕೆ ಪುಟಪುಟವಾಗಿ ಬೇರೆಯಾಗುತ್ತದೆ. ಇಮೇಜ್‌ಮ್ಯಾಜಿಕ್‌ನಲ್ಲಿ ಒಂದೇ ಸಾಲಿನ ಆಜ್ಞೆ ಸಾಕಂತೆ. ಕೋಡ್ ಬರೆಯುವ ಮನಸ್ಸಿಲ್ಲದವರಿಗೆ ಸ್ಕ್ಯಾನ್ ಟೇಲರ್ ಎಂಬ ಉಚಿತ ತಂತ್ರಾಂಶವೂ ಇದೆ.

ಆದರೆ ಕಣ್ಣು ಮುಚ್ಚಿ ಅರ್ಧಕ್ಕೆ ಕತ್ತರಿಸಿದರೆ ಕೆಡುತ್ತದೆ. ಬೆನ್ನುಮಡಿಕೆ ಯಾವತ್ತೂ ಸರಿಯಾಗಿ ನಡುವೆ ಇರುವುದಿಲ್ಲ. ಪುಟ ಮಗುಚುತ್ತ ಹೋದಂತೆ ಪುಸ್ತಕದ ದಪ್ಪ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ, ಮಡಿಕೆಯೂ ಸರಿಯುತ್ತದೆ. ಹಾಗಾಗಿ ಚಿತ್ರದ ನಡುಭಾಗದಲ್ಲಿ ಒಂದೊಂದು ಕಂಬದ ಕಪ್ಪನ್ನೂ ಕೂಡಿಸಿ ನೋಡಿ, ನೆರಳು ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಗೀಟು ಹಾಕುವಂತೆ ಅವಳು ಕೋಡ್ ತಿದ್ದಿದಳು. ಎರಡೂ ಕಡೆಗೆ ಸ್ವಲ್ಪ ಜಾಗ ಹೆಚ್ಚಿಗೆ ಬಿಟ್ಟಳು. ಅಂಚಿನಲ್ಲಿ ಒಂದಿಷ್ಟು ನೆರಳು ಉಳಿದರೆ ನಷ್ಟವೇನಿಲ್ಲ. ಸಾಲಿನ ಕೊನೆಯ ಅಕ್ಷರ ಹೋದರೆ ಅದನ್ನು ಮತ್ತೆ ತರುವವರು ಯಾರು?

ಕತ್ತರಿಸುವ ಮೊದಲು ವಾಲಿಕೆ ತಿದ್ದಬೇಕು. ಇದನ್ನು ಒತ್ತಿ ಹೇಳುತ್ತೇನೆ. 1650 ಚುಕ್ಕಿ ಅಗಲದ ಪುಟ ಒಂದೇ ಒಂದು ಡಿಗ್ರಿ ವಾಲಿದ್ದರೂ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 29 ಚುಕ್ಕಿ ಕೆಳಗಿರುತ್ತದೆ. ಹನ್ನೆರಡು ಪಾಯಿಂಟಿನ ಅಚ್ಚನ್ನು ಹದಿನಾರು ಪಾಯಿಂಟಿನ ಅಂತರದಲ್ಲಿ ಜೋಡಿಸಿದ್ದರೆ ಸಾಲಿನಿಂದ ಸಾಲಿಗೆ ಇರುವ ದೂರ ಸುಮಾರು 67 ಚುಕ್ಕಿ. ಅಂದರೆ ಹೆಚ್ಚುಕಡಿಮೆ ಅರ್ಧ ಸಾಲಿನಷ್ಟು ಇಳಿಜಾರು. ಆ ಪುಟವನ್ನು ನೇರವಾಗಿ ಅಡ್ಡಕ್ಕೆ ಕತ್ತರಿಸಿದರೆ ಒಂದು ಪಟ್ಟಿಯಲ್ಲಿ ಎರಡು ಸಾಲುಗಳ ತುಣುಕು ಸೇರಿಕೊಳ್ಳುತ್ತದೆ.

ಪುಟ ಆದ ಮೇಲೆ ಅಂಕಣ. ನಮ್ಮ ಪತ್ರಿಕೆಗಳಲ್ಲಿ ಎರಡಂಕಣ ಸಾಮಾನ್ಯ. ಬೇರ್ಪಡಿಸದೆ ಓದಿಸಿದರೆ ಎಡ ಅಂಕಣದ ಕತೆಯೊಳಗೆ ಬಲ ಅಂಕಣದ ವರದಿ ನುಗ್ಗುತ್ತದೆ. ಇಲ್ಲೊಂದು ಮಾತು. ಜಾಹೀರಾತುಗಳನ್ನು ಕಸವೆಂದು ಬಿಸಾಡಬೇಡಿ. "ಸಂಘದ ಮಹಾಸಭೆಗೆ ಶುಭ ಕೋರುವ" ಎಂದು ಚೌಕಟ್ಟು ಹಾಕಿ ಅಚ್ಚಾದ ಉಡುಪಿ ಹೋಟೆಲಿನ ಹೆಸರು, ರಸ್ತೆ, ಆರು ಅಂಕಿಯ ಫೋನ್ ನಂಬರು, ಮಾಲಕರ ಹೆಸರು: ಈ ಊರಿನಲ್ಲಿ ನಮ್ಮವರು ಎಲ್ಲೆಲ್ಲಿ ಅಡುಗೆ ಒಲೆ ಹೂಡಿದರು ಎಂಬುದಕ್ಕೆ ಉಳಿದಿರುವ ದಾಖಲೆ ಅದೇ. ಅವನ್ನು ಬೇರೆಯಾಗಿ ಕತ್ತರಿಸಿ, ಬೇರೆ ಫೋಲ್ಡರಿನಲ್ಲಿ ಜೋಪಾನವಾಗಿಡಿ.

ಆಮೇಲೆ ಬರುವುದು ಸಾಲು. ಈ ಪತ್ರ ಬರೆಯಬೇಕೆನಿಸಿದ್ದು ಇದಕ್ಕಾಗಿ.

ಸಾಲು ಬೇರ್ಪಡಿಸುವ ಸಾಮಾನ್ಯ ರೀತಿ ನಿಮಗೆ ಗೊತ್ತು. ಪುಟವನ್ನು ಕಪ್ಪು ಬಿಳುಪು ಮಾಡಿ, ಅಡ್ಡಡ್ಡ ಪ್ರತಿ ಗೆರೆಯಲ್ಲಿ ಎಷ್ಟು ಕಪ್ಪು ಚುಕ್ಕಿ ಇದೆ ಎಂದು ಎಣಿಸುತ್ತೀರಿ. ಕಪ್ಪು ಹೆಚ್ಚಿದ್ದಲ್ಲಿ ಸಾಲು, ಖಾಲಿ ಇದ್ದಲ್ಲಿ ಅಂತರ. ಖಾಲಿ ಸಿಕ್ಕಿದಲ್ಲಿ ಕತ್ತರಿ. ಇಂಗ್ಲಿಷಿಗೆ ಇದು ಬಹಳಮಟ್ಟಿಗೆ ಸಾಕು. ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ತೂಗುತ್ತದೆ. ಹಳೆಯ ಅಚ್ಚಿನಲ್ಲಿ ಎಷ್ಟೋ ಕಡೆ ಅದು ತಾಯಿ ಅಕ್ಷರವನ್ನು ಮುಟ್ಟುವುದೂ ಇಲ್ಲ. ನಡುವೆ ಕೂದಲೆಳೆಯಷ್ಟು ಬಿಳಿ. ಒಂದು ಸಾಲಿನಲ್ಲಿ ನಾಲ್ಕೈದೇ ಒತ್ತು ಇದ್ದರೆ ಆ ಮಟ್ಟದಲ್ಲಿ ಕಪ್ಪು ತೀರ ಕಡಿಮೆ, ಯಂತ್ರ ಅದನ್ನು ಖಾಲಿ ಎಂದೇ ಎಣಿಸುತ್ತದೆ. ಕತ್ತರಿ ಅಲ್ಲೇ ಬೀಳುತ್ತದೆ. ಒತ್ತು ಮುಂದಿನ ಸಾಲಿನ ತಲೆಯ ಮೇಲೆ ಹೋಗಿ ಕೂರುತ್ತದೆ, ಇಲ್ಲವೇ ಎರಡು ಪಟ್ಟಿಗಳ ನಡುವೆ ಬಿದ್ದುಹೋಗುತ್ತದೆ.

ಬಿದ್ದರೆ ಏನಾಗುತ್ತದೆ? ಮಹಾರಾಷ್ಟ್ರ ಎಂಬಲ್ಲಿ ಷಕಾರದ ಕೆಳಗೆ ಎರಡು ಒತ್ತು ಒಂದರ ಪಕ್ಕ ಒಂದು ಇವೆ, ಎರಡೂ ಹೋಗಿ ಮಹಾರಾಷ ಆಗುತ್ತದೆ. ಹಳ್ಳಿ ಹಳಿಯಾಗುತ್ತದೆ, ಕತ್ತೆ ಕತೆಯಾಗುತ್ತದೆ. ಇವನ್ನಾದರೂ ಓದುವವರು ಸಂದರ್ಭ ನೋಡಿ ಸರಿಮಾಡಿಕೊಳ್ಳಬಹುದು. ಹೆಸರುಗಳನ್ನು ಸರಿಮಾಡಿಕೊಳ್ಳುವುದು ಹೇಗೆ? ನಮ್ಮ ಸಂಚಿಕೆಗಳ ಅರ್ಧ ಪುಟಗಳು ಹೆಸರುಗಳೇ: ಪದಾಧಿಕಾರಿಗಳು, ದಾನಿಗಳು, ನಾಟಕದ ಪಾತ್ರವರ್ಗ, ವಿದ್ಯಾರ್ಥಿವೇತನ ಪಡೆದ ಮಕ್ಕಳು. ಶೆಟ್ಟಿ ಶೆಟಿಯಾಗುತ್ತಾರೆ, ಭಟ್ಟರು ಭಟರಾಗುತ್ತಾರೆ, ಕೋಟ್ಯಾನ್ ಕೋಟಾನ್ ಆಗುತ್ತಾರೆ. ನಾಳೆ ನಿಮ್ಮ ಮಗಳು ಮುತ್ತಜ್ಜನನ್ನು ಹುಡುಕಲು "ಶೆಟ್ಟಿ" ಎಂದು ಬೆರಳಚ್ಚಿಸಿದರೆ ಅವರಿದ್ದ ಪುಟ ತೆರೆದುಕೊಳ್ಳುವುದೇ ಇಲ್ಲ. ಅವರು ಅಲ್ಲಿರಲೇ ಇಲ್ಲವೇನೋ ಎಂದು ಅವಳು ತಿಳಿಯುತ್ತಾಳೆ.

ನಮ್ಮ ಹುಡುಗಿ ಮೊದಲ ಸಲ ಪುಟ ಶುದ್ಧಮಾಡುವಾಗ ನನ್ನನ್ನು ಕೇಳಿದಳು: "ಆಂಟಿ, ಕೆಳಗಿರೋ ಈ ಸಣ್ಣ ಸಣ್ಣ ತುಂಡುಗಳು ಕೊಳೆಯಾ? ತೆಗೆದುಬಿಡಲಾ?" ಕಾಗದದ ಕಲೆ ತೆಗೆಯುವ ಆಜ್ಞೆಗೆ ಅವಳು ಕೊಟ್ಟಿದ್ದ ಅಳತೆಯಲ್ಲಿ ಮಾಸಿದ ನಕಾರದ ಒತ್ತು, ತಕಾರದ ಒತ್ತು ಎಲ್ಲ ಕಲೆಗಳ ಜೊತೆ ಗುಡಿಸಿಹೋಗುತ್ತಿದ್ದವು. ಒಳ್ಳೆಯ ಪ್ರಶ್ನೆ ಅದು. ಕೇಳಿದಳಲ್ಲ ಎಂದು ನನಗೆ ಖುಷಿಯಾಯಿತು. ಕನ್ನಡ ಗೊತ್ತಿಲ್ಲದ ಕಂಪೆನಿಗೆ ಈ ಕೆಲಸ ಗುತ್ತಿಗೆಗೆ ಕೊಟ್ಟಿದ್ದರೆ ಕೇಳುವವರು ಯಾರಿರುತ್ತಿದ್ದರು? ಕೇಳಿದರೂ ಉತ್ತರ ಹೇಳುವವರು ಯಾರು? ಕೋಡ್ ಬರೆಯುವವರ ಪಕ್ಕದಲ್ಲಿ ಕನ್ನಡ ಓದುವವರು ಕೂತಿರಬೇಕು. ಮುಂಬಯಿಯ ಒಂದೇ ಮನೆಯಲ್ಲಿ, ಒಂದೇ ಸೋಫಾದ ಮೇಲೆ ಆ ಇಬ್ಬರೂ ಸಿಗುತ್ತಾರೆ.

ಅವಳೂ ನಾನೂ ಸೇರಿ ಕಂಡುಕೊಂಡ ನಿಯಮ ಸರಳ. ಎರಡು ಸಾಲುಗಳ ನಡುವೆ ಯಾವುದನ್ನೂ ಮುಟ್ಟದೆ ತೂಗುತ್ತಿರುವ ತುಣುಕು ಮೇಲಿನ ಸಾಲಿಗೆ ಸೇರಿದ್ದು. ಗುಡಿಸು, ಎತ್ವ, ತಲೆಕಟ್ಟುಗಳು ತಮ್ಮ ಅಕ್ಷರಕ್ಕೆ ಅಂಟಿಕೊಂಡೇ ಇರುತ್ತವೆ. ಬಿಡಿಯಾಗಿ ಕೆಳಗಿಳಿಯುವುದು ಹೆಚ್ಚಾಗಿ ಒತ್ತು, ಕೆಲವೊಮ್ಮೆ ವಟ್ರಸುಳಿ. ಆದ್ದರಿಂದ ಮೊದಲ ಬಿಳಿ ಗೆರೆಯಲ್ಲೇ ಕತ್ತರಿಸದೆ, ಬಿಡಿ ತುಣುಕುಗಳನ್ನು ಗುರುತಿಸಿ ಮೇಲಿನ ಸಾಲಿಗೆ ಸೇರಿಸಿ, ಆಮೇಲೆ ಕತ್ತರಿಸಿ. ಪಟ್ಟಿಯ ಮೇಲೆ ಕೆಳಗೆ ಧಾರಾಳವಾಗಿ ಜಾಗ ಬಿಡಿ. ಪಕ್ಕದ ಸಾಲಿನ ಅಂಚು ಸ್ವಲ್ಪ ಕಾಣಿಸಿದರೂ ಪರವಾಗಿಲ್ಲ. ಸಾಲಿಗಿಂತ ಸಣ್ಣದಾಗಿ, ಅಕ್ಷರ ಅಕ್ಷರವಾಗಿ ಕತ್ತರಿಸಲು ಹೋಗಬೇಡಿ. ನಮ್ಮ ದೀರ್ಘ, ನಮ್ಮ ಅರ್ಕಾವೊತ್ತು ಅಕ್ಷರದ ಬಲಕ್ಕೆ ಬಿಡಿಯಾಗಿ ನಿಲ್ಲುತ್ತವೆ. ಅವನ್ನು ಬೇರೆ ಮಾಡಿದರೆ ಅನಾಥವಾಗುತ್ತವೆ. ಈಗಿನ ತಂತ್ರಾಂಶಗಳಿಗೆ ಬೇಕಾದದ್ದೂ ಇಡೀ ಸಾಲೇ. ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶ 1985ರ ಹೊತ್ತಿಗೆ ಎಚ್‌ಪಿ ಕಂಪೆನಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. 2018ರ ನಾಲ್ಕನೆಯ ಆವೃತ್ತಿಯಿಂದ ಅದು ಸಾಲನ್ನು ಸಾಲಾಗಿಯೇ ಓದುತ್ತದೆ. ಕನ್ನಡವನ್ನೂ ಓದುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ ಲಿಪಿಗಾಗಿಯೇ ಲಿಪಿ ಜ್ಞಾನಿ ಎಂಬುದನ್ನು ಕಟ್ಟಿದೆ. ದಾರಿ ಇದೆ. ನಮ್ಮ ಪುಟಗಳನ್ನು ಆ ದಾರಿಗೆ ತಲುಪಿಸುವವರು ಬೇಕು.

ಈಗ ನನ್ನ ಮುಖ್ಯ ಕೋರಿಕೆಗೆ ಬರುತ್ತೇನೆ. ಸಾಲುಗಳನ್ನು ಯಂತ್ರಕ್ಕೆ ಕೊಡುವ ಮೊದಲು ಹಿರಿಯರಿಗೆ ಕೊಡಿ.

ಒಂದು ಸಾಲಿನ ಪಟ್ಟಿಯನ್ನು ಫೋನಿನಲ್ಲಿ ಅಡ್ಡ ಹಿಡಿದು ನೋಡಿದರೆ ಅಕ್ಷರಗಳು ಸಲೀಸಾಗಿ ಓದುವಷ್ಟು ದೊಡ್ಡದಾಗಿ ಕಾಣುತ್ತವೆ. ನಮ್ಮ ಕಟ್ಟಡದ ಹಿರಿಯರೊಬ್ಬರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಪುಸ್ತಕ ಹಿಡಿಯುವುದನ್ನೇ ಬಿಟ್ಟಿದ್ದರು. ಆ ಹುಡುಗಿ ಒಂದು ಕತೆಯ ಸಾಲುಗಳನ್ನು ಕತ್ತರಿಸಿ ಅವರ ವಾಟ್ಸ್ಆಪ್‌ಗೆ ಕಳಿಸಿದಳು. ಅವರು ಒಂದೊಂದೇ ಸಾಲು ನೋಡಿ, ಫೋನಿಗೆ ಬಾಯಲ್ಲಿ ಹೇಳಿ, ಬಂದ ಅಕ್ಷರಗಳನ್ನು ತಿದ್ದಿ ವಾಪಸು ಕಳಿಸಿದರು. ನಡುವೆ ಒಂದು ಸಾಲಿಗೆ ನಿಂತು, ಅದರಲ್ಲಿ ಬರುವ ಅಚ್ಚುಕೂಟ ಯಾವ ಗಲ್ಲಿಯಲ್ಲಿತ್ತು, ಅದರ ಮುಂದೆ ಚಹಾ ಕೊಡುತ್ತಿದ್ದವನು ಯಾವ ಊರಿನವನು ಎಂದು ಧ್ವನಿಸಂದೇಶವನ್ನೂ ಕಳಿಸಿದರು. ಮರುದಿನ "ಇನ್ನೂ ಸಾಲು ಇದ್ದರೆ ಕಳಿಸು ಮಗಾ" ಎಂದು ಅವರೇ ಕೇಳಿದರು.

ಹೊರದೇಶದವರು ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದಾರೆ. 2007ರಲ್ಲಿ ಬಂದ ರೀಕ್ಯಾಪ್ಚಾ ನಿಮಗೆ ನೆನಪಿರಬಹುದು. ಜಾಲತಾಣದೊಳಗೆ ಹೋಗುವ ಮೊದಲು ಎರಡು ಸೊಟ್ಟ ಪದ ತೋರಿಸಿ ಬೆರಳಚ್ಚಿಸಿ ಎನ್ನುತ್ತಿತ್ತಲ್ಲ, ಅದು. ಅವುಗಳಲ್ಲಿ ಒಂದು ಪದ ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಯ ಹಳೆಯ ಸಂಚಿಕೆಯಿಂದ, ಯಂತ್ರ ಓದಲಾಗದೆ ಬಿಟ್ಟ ಜಾಗದಿಂದ ಕತ್ತರಿಸಿ ತೆಗೆದದ್ದಾಗಿರುತ್ತಿತ್ತು. ಲಕ್ಷಾಂತರ ಜನ ತಮಗೆ ಗೊತ್ತಿಲ್ಲದೆಯೇ ಹಳೆಯ ಪತ್ರಿಕೆಯನ್ನು ಓದಿಕೊಟ್ಟರು. ನಮ್ಮ ಹಿರಿಯರು ಗೊತ್ತಿದ್ದೇ, ಪ್ರೀತಿಯಿಂದಲೇ ಮಾಡುತ್ತಾರೆ. ಅವರಿಗೆ ಪುಟ ಕೊಟ್ಟರೆ ಆಗದು, ಸಾಲು ಕೊಟ್ಟರೆ ಆಗುತ್ತದೆ. ಒಂದು ಸಾಲಿನ ಚಿತ್ರ, ಅದರ ಪಕ್ಕ ಮನುಷ್ಯರು ತಿದ್ದಿದ ಅದೇ ಸಾಲಿನ ಪಠ್ಯ: ಹೀಗೆ ಜೋಡಿ ಜೋಡಿಯಾಗಿ ಕೂಡಿಟ್ಟರೆ ಹಳೆಯ ಮೊಳೆಯಚ್ಚನ್ನು ಯಂತ್ರಕ್ಕೆ ಕಲಿಸುವ ಪಾಠವೂ ಅದೇ ಆಗುತ್ತದೆ.

"ಈಗ ಎಐ ಇಡೀ ಪುಟವನ್ನೇ ಓದಿಬಿಡುತ್ತದೆ, ಕತ್ತರಿಸುವ ಗೊಡವೆ ಏಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಓದುತ್ತದೆ, ನಾನೂ ನೋಡಿದ್ದೇನೆ. ಕಾಣದ ಕಡೆ ಹೊಂದುವ ಪದವನ್ನು ತಾನೇ ಹಾಕಿಕೊಂಡು ಓದುವುದನ್ನೂ ನೋಡಿದ್ದೇನೆ. ವಾಕ್ಯ ಸೊಗಸಾಗಿಯೇ ಇರುತ್ತದೆ, ಬರೆದವರದ್ದಾಗಿರುವುದಿಲ್ಲ. ಕರಡು ತಿದ್ದುವವರಿಗೆ ಇದಕ್ಕಿಂತ ಅಪಾಯದ ತಪ್ಪು ಇಲ್ಲ, ಏಕೆಂದರೆ ಕಣ್ಣು ಎಡವುವುದೇ ಇಲ್ಲ. ಯಂತ್ರ ಓದಲಿ, ಬೇಡವೆನ್ನುವುದಿಲ್ಲ. ಅದು ಓದಿದ ಸಾಲಿನ ಪಕ್ಕದಲ್ಲಿ ಮೂಲ ಸಾಲಿನ ಚಿತ್ರ ಇರಬೇಕು, ಎರಡನ್ನೂ ಒಬ್ಬ ಮನುಷ್ಯ ತಾಳೆ ನೋಡಿರಬೇಕು. ಅದಕ್ಕೂ ಕತ್ತರಿಸಲೇಬೇಕು.

ಕೆಲವು ವ್ಯವಹಾರದ ಮಾತುಗಳು. ಮೂಲ ಸ್ಕ್ಯಾನನ್ನು ಮುಟ್ಟಬೇಡಿ. ಅದರ ಪ್ರತಿ ಮಾಡಿಕೊಂಡು ಆ ಪ್ರತಿಯ ಮೇಲೆ ಕೆಲಸ ಮಾಡಿ. ಕತ್ತರಿಸಿದ್ದನ್ನು ಪಿಎನ್‌ಜಿ ಅಥವಾ ಟಿಫ್ ಆಗಿ ಉಳಿಸಿ. ಜೆಪೆಗ್ ಆಗಿ ಉಳಿಸಿದಷ್ಟು ಸಲವೂ ಅಕ್ಷರದ ಅಂಚು ಮಂಕಾಗುತ್ತದೆ, ಮೊದಲು ಮಂಕಾಗುವುದು ಒತ್ತೇ. ಪ್ರತಿ ತುಂಡಿಗೂ ವಿಳಾಸ ಇರಲಿ: ಪತ್ರಿಕೆ, ವರ್ಷ, ತಿಂಗಳು, ಪುಟ, ಅಂಕಣ, ಸಾಲು. ಪುಟದ ಸಂಖ್ಯೆಯನ್ನು 002, 010 ಎಂದು ಬರೆಯಿರಿ; ಇಲ್ಲವಾದರೆ ಹತ್ತನೆಯ ಪುಟ ಎರಡನೆಯದಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಕತ್ತರಿಸಿದ ನಾಲ್ಕು ಸಂಖ್ಯೆಗಳನ್ನೂ ಒಂದು ಕಡತದಲ್ಲಿ ಬರೆದಿಡಿ. ಮುಂದೆ ಯಾರಾದರೂ ಅನುಮಾನ ಬಂದು ಮೂಲ ಪುಟಕ್ಕೆ ಹೋಗಿ ನೋಡಬೇಕೆಂದರೆ ದಾರಿ ಇರಬೇಕು. ವಿಳಾಸವಿಲ್ಲದ ಸಾಲು ಎಷ್ಟು ಚೆನ್ನಾಗಿದ್ದರೂ ಸಂಶೋಧಕರಿಗೆ ಉಪಯೋಗವಿಲ್ಲ.

ಉಚಿತವಾಗಿ ಚಿತ್ರ ಕತ್ತರಿಸಿಕೊಡುತ್ತೇವೆ ಎನ್ನುವ ಜಾಲತಾಣಗಳಿಗೆ ಈ ಪುಟಗಳನ್ನು ಏರಿಸಬೇಡಿ. ಈ ಪುಟಗಳಲ್ಲಿ ಜನರ ಮನೆವಿಳಾಸ, ಫೋನು, ಜಾತಕ ವಿವರ ಎಲ್ಲ ಇರುತ್ತದೆ. ನಿಮ್ಮ ಕಂಪ್ಯೂಟರಿನಲ್ಲೇ ಆಗುವ ಕೆಲಸ ಇದು. ಹಕ್ಕುಸ್ವಾಮ್ಯದ ವಿಚಾರವೂ ಇದೆ. 1957ರ ಕಾಯಿದೆಯ ಪ್ರಕಾರ ಬರೆದವರು ತೀರಿಕೊಂಡ ನಂತರ ಅರವತ್ತು ವರ್ಷ ಬರಹ ಅವರ ವಾರಸುದಾರರದ್ದು. ಆದ್ದರಿಂದ ಸಂಘಕ್ಕಾಗಿ ಕತ್ತರಿಸಿ, ಓದಿಸಿ, ಪರಿವಿಡಿ ಮಾಡಿ. ಎಲ್ಲರಿಗೂ ತೆರೆದಿಡುವ ಮೊದಲು ಸಂಘವನ್ನೂ ಲೇಖಕರ ಮನೆಯವರನ್ನೂ ಕೇಳಿ. ಕೇಳಿದರೆ ಬೇಡ ಎನ್ನುವವರು ಕಡಿಮೆ. ತಂದೆಯ ಕವಿತೆ ಯಾರೋ ಓದುತ್ತಾರೆಂದರೆ ಯಾರಿಗೆ ಬೇಡ? ನೀವು ಬರೆದ ಕೋಡನ್ನು ಮಾತ್ರ ಎಲ್ಲರಿಗೂ ಮುಕ್ತವಾಗಿ ಕೊಡಿ. ಡೊಂಬಿವಲಿಯವರು ಬರೆದದ್ದನ್ನು ವಾಶಿಯವರು ಮತ್ತೆ ಮೊದಲಿನಿಂದ ಬರೆಯುವುದು ಬೇಡ. ಸೊಲ್ಲಾಪುರದಲ್ಲಿ, ಕಾಸರಗೋಡಿನಲ್ಲಿ ಇಂಥವೇ ಕಟ್ಟುಗಳು ಇರುತ್ತವೆ, ಅವರಿಗೂ ಉಪಯೋಗವಾಗಲಿ.

ಹಳೆಯ ಪತ್ರಿಕೆಗಳಿಂದ ಏನು ಸಿಗುತ್ತದೆ ಎಂಬ ಅನುಮಾನ ಇದ್ದವರಿಗೆ ಒಂದು ಹೆಸರು ಹೇಳುತ್ತೇನೆ. ಡಾ. ಶ್ರೀನಿವಾಸ ಹಾವನೂರರು ವೃತ್ತಿಯಿಂದ ಗ್ರಂಥಪಾಲಕರು, ಆಮೇಲೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಪತ್ರಿಕೆ, ಪುಸ್ತಕ, ಪಠ್ಯಗಳ ಧೂಳು ಕೊಡವಿ, ಪುಟ ಪುಟ ಕಣ್ಣಿಂದ ನೋಡಿ ಅವರು ಬರೆದ 'ಹೊಸಗನ್ನಡದ ಅರುಣೋದಯ' 1974ರಲ್ಲಿ ಬಂತು. ಆಧುನಿಕ ಕನ್ನಡ ಯಾವಾಗ, ಹೇಗೆ ಶುರುವಾಯಿತು ಎಂಬ ನಮ್ಮ ತಿಳಿವಳಿಕೆಯೇ ಅದರಿಂದ ಬದಲಾಯಿತು. 1843ರ ಜುಲೈ 1ರಂದು ಹೊರಟ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ ಎಂದು ಈಗ ಶಾಲಾಮಕ್ಕಳೂ ಹೇಳುತ್ತಾರಲ್ಲ, ಅಂಥ ಸಂಗತಿಗಳು ತಾವಾಗಿ ಉಳಿದು ಬಂದವಲ್ಲ. ಹಳೆಯ ಕಾಗದವನ್ನು ಕಾದಿಟ್ಟವರೂ ಅದನ್ನು ಓದಿದವರೂ ಇದ್ದುದರಿಂದ ಉಳಿದವು. ಸಂಶೋಧನೆಗೆ ಕಂಪ್ಯೂಟರ್ ಬಳಸಬೇಕೆಂದು ಮೊದಲು ಹೇಳಿದ ಕನ್ನಡ ವಿದ್ವಾಂಸರಲ್ಲಿ ಹಾವನೂರರೂ ಒಬ್ಬರು. ಈ ಊರಿನಲ್ಲೂ ಇದ್ದು ಕನ್ನಡಕ್ಕೆ ದುಡಿದವರು ಅವರು. ಮುಂಬಯಿ ಕನ್ನಡಿಗರ ಇಪ್ಪತ್ತನೆಯ ಶತಮಾನದ ಬದುಕನ್ನು ಬರೆಯುವವರು ಮುಂದೆ ಬರುತ್ತಾರೆ. ಅವರಿಗೆ ಸಾಮಗ್ರಿ ಉಳಿಸಿಡುವುದು ನಮ್ಮ ಪಾಲಿಗೆ ಬಂದಿದೆ.

ನಿಮಗೆ ಬಿಡುವಿಲ್ಲವೆಂದು ಬಲ್ಲೆ. ಕಲ್ಯಾಣದಿಂದ ಠಾಣೆಗೆ ಬಂದು, ಅಲ್ಲಿ ವಾಶಿ ಗಾಡಿ ಹಿಡಿದು, ಐರೋಲಿಯಲ್ಲಿ ಇಳಿದು, ಸಂಜೆ ಅದೇ ದಾರಿಯಲ್ಲಿ ಹೊಸಕಿಹೋಗಿ ಮನೆ ಸೇರುವವರಿಗೆ ಭಾನುವಾರ ಒಂದು ನಿದ್ದೆಯ ದಿನ. ಆದ್ದರಿಂದ ಹೆಚ್ಚು ಕೇಳುವುದಿಲ್ಲ. ತಿಂಗಳಿಗೆ ಒಂದು ಭಾನುವಾರದ ಬೆಳಿಗ್ಗೆ, ಎರಡು ತಾಸು. ಮೊದಲ ಸಲ ಹೊರಗೆಲ್ಲೂ ಹೋಗಬೇಡಿ. ನಿಮ್ಮದೇ ಲಾಫ್ಟಿನಿಂದ ಒಂದು ಸಂಚಿಕೆ ಇಳಿಸಿ, ಹತ್ತು ಪುಟ ಸ್ಕ್ಯಾನ್ ಮಾಡಿ, ಪುಟ ಬೇರ್ಪಡಿಸಿ, ಸಾಲು ಕತ್ತರಿಸಿ. ಕನ್ನಡ ಓದಲು ಬಾರದಿದ್ದರೂ ಒಂದನ್ನು ಕಣ್ಣಿಂದಲೇ ಪರೀಕ್ಷಿಸಬಹುದು: ಪ್ರತಿ ಪಟ್ಟಿಯಲ್ಲೂ ಕೆಳಗೆ ತೂಗುವ ಸಣ್ಣ ಅಕ್ಷರಗಳು ಪೂರ್ತಿಯಾಗಿ ಇವೆಯೇ? ಇದ್ದರೆ ಆ ಸಾಲುಗಳನ್ನು ಮನೆಯ ಹಿರಿಯರ ಫೋನಿಗೆ ಕಳಿಸಿ.

ಅದು ಸರಿಹೋದ ಮೇಲೆ ನಿಮ್ಮ ಹತ್ತಿರದ ಸಂಘಕ್ಕೆ ಹೋಗಿ. ವಾಶಿಯವರಾದರೆ ನವಿಮುಂಬಯಿ ಕನ್ನಡ ಸಂಘ ಇದೆ. ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲೂ ನಮ್ಮವರ ಸಂಘಗಳಿವೆ. ಕಾರ್ಯದರ್ಶಿಗಳನ್ನು ಕಂಡು, ಹಳೆಯ ಸಂಚಿಕೆಗಳ ಕಪಾಟು ತೆರೆದು ತೋರಿಸಿ ಎಂದು ಕೇಳಿ. ಸಂಘಗಳ ಹಿರಿಯರಲ್ಲಿಯೂ ಈ ಮೂಲಕ ನನ್ನ ಬಿನ್ನಹ: ಮಕ್ಕಳು ಬಂದು ಕೇಳಿದಾಗ "ಮುಂದಿನ ಸಭೆಯಲ್ಲಿ ಇಡೋಣ" ಎನ್ನಬೇಡಿ. ಬೀಗದ ಕೈ ಕೊಡಿ, ಒಂದು ಮೇಜು, ಒಂದು ಪ್ಲಗ್ ಪಾಯಿಂಟ್ ಕೊಡಿ, ಜೊತೆಗೆ ಓದಲು ಬರುವ ಒಬ್ಬರನ್ನು ಕೂರಿಸಿ.

ಮುಂದಿನ ಮಳೆಗಾಲದೊಳಗೆ ಒಂದೊಂದು ಸಂಘದಲ್ಲಿ ಕನಿಷ್ಠ ಒಂದು ವರ್ಷದ ಸಂಚಿಕೆಗಳಾದರೂ ಸಾಲು ಸಾಲಾಗಿ ಓದುವ ಸ್ಥಿತಿಗೆ ಬರಲಿ. ಕರಡು ತಿದ್ದಲು ಜನ ಸಾಲದಿದ್ದರೆ ನನಗೂ ಸಾಲುಗಳನ್ನು ಕಳಿಸಿ, ತಿದ್ದಿಕೊಡುತ್ತೇನೆ.

ಇತಿ ನಿಮ್ಮ ವಿಶ್ವಾಸದ,

ಮುಂಬಯಿ ಕನ್ನಡ ಪತ್ರಿಕೆಗಳ ಹಳೆಯ ಕರಡು ತಿದ್ದುಗಾರ್ತಿ
ವಾಶಿ, ನವಿಮುಂಬಯಿ